ದೂರದೇಶದಲ್ಲಿ ಮಡಿದ ಸೈನಿಕನ ಹೆಸರನ್ನು ಕಾಯುವವರು: ಯುದ್ಧ ಸಮಾಧಿ ಆಯೋಗದ ಸೇವೆಯ ಒಂದು ವಿಮರ್ಶೆ

ಮೊದಲನೆಯ ಮಹಾಯುದ್ಧಕ್ಕೆಂದು ಅವಿಭಜಿತ ಭಾರತದಿಂದ ಕಡಲು ದಾಟಿದ ಹತ್ತು ಲಕ್ಷಕ್ಕೂ ಹೆಚ್ಚು ಮಂದಿಯಲ್ಲಿ ಸುಮಾರು 74,000 ಜನ ಮರಳಿ ಬರಲಿಲ್ಲ. ಸತ್ತವರ ದೇಹವನ್ನು ಸ್ವದೇಶಕ್ಕೆ ಕಳಿಸಬಾರದೆಂಬುದು ಅಂದಿನ ಬ್ರಿಟಿಷ್ ಸೇನೆಯ ನೀತಿಯಾಗಿದ್ದುದರಿಂದ, ಗಢವಾಲದ ಬೆಟ್ಟದ ಹುಡುಗನಾಗಲಿ, ಪಂಜಾಬಿನ ರೈತನ ಮಗನಾಗಲಿ, ಮೈಸೂರು ಸೀಮೆಯ ಕುದುರೆ ಸವಾರನಾಗಲಿ, ತಾನು ಬಿದ್ದ ನೆಲದಲ್ಲೇ ಮಣ್ಣಾದನು ಇಲ್ಲವೇ ಬೂದಿಯಾದನು. ಅವರ ಹೆಸರುಗಳನ್ನು ಇಂದಿಗೂ ಕಾಯುತ್ತಿರುವ ಸಂಸ್ಥೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್. ಫೇಬಿಯನ್ ವೇರ್ ಎಂಬವರ ಪಟ್ಟುಹಿಡಿದ ಪ್ರಯತ್ನದಿಂದ 1917ರ ಮೇ ತಿಂಗಳಲ್ಲಿ ಸ್ಥಾಪನೆಯಾಗಿ, 1960ರವರೆಗೆ ಇಂಪೀರಿಯಲ್ ಎಂಬ ವಿಶೇಷಣವನ್ನು ಹೊತ್ತಿದ್ದ ಈ ಆಯೋಗ, 150ಕ್ಕೂ ಹೆಚ್ಚು ದೇಶಗಳಲ್ಲಿ ಹರಡಿರುವ ಸುಮಾರು 23,000 ಸ್ಥಳಗಳಲ್ಲಿ 17 ಲಕ್ಷ ಜನರ ಸಮಾಧಿಗಳನ್ನೂ ಸ್ಮಾರಕಗಳನ್ನೂ ನೋಡಿಕೊಳ್ಳುತ್ತಿದೆ. ಅದರ ಖರ್ಚನ್ನು ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಮತ್ತು ಭಾರತ ಸರ್ಕಾರಗಳು ತಮ್ಮ ತಮ್ಮ ಸಮಾಧಿಗಳ ಸಂಖ್ಯೆಗೆ ಅನುಗುಣವಾಗಿ ಭರಿಸುತ್ತವೆ. ಭಾರತದ ಪಾಲು ಚಿಕ್ಕದೇ ಆದರೂ ನಮ್ಮ ತೆರಿಗೆಯ ಹಣವೂ ಅದರಲ್ಲಿ ಸೇರಿದೆ. ಆದ್ದರಿಂದ ಈ ಸೇವೆ ಹೇಗಿದೆ ಎಂದು ಕೇಳುವ ಹಕ್ಕು ನಮಗೆ ಇದ್ದೇ ಇದೆ.

ಇಂಥ ಸೇವೆಯನ್ನು ಅಳೆಯಬೇಕಾದದ್ದು ಸೇನಾಪತಿಗಳ ಪ್ರತಿಮೆಗಳಿಂದಲ್ಲ. ಅತ್ಯಂತ ಕೆಳಗಿನ ದರ್ಜೆಯ, ಮೀಸೆ ಆಗತಾನೆ ಮೂಡಿದ ಒಬ್ಬ ಸಿಪಾಯಿಯನ್ನು, ಅವನ ಊರು ಎಲ್ಲಿದೆ ಎಂಬುದನ್ನೂ ಅರಿಯದ ಒಂದು ಆಡಳಿತ ನೂರು ವರ್ಷಗಳ ನಂತರವೂ ಹೆಸರು ಹಿಡಿದು ತೋರಿಸಬಲ್ಲುದೇ ಎಂಬುದೇ ನನ್ನ ಅಳತೆಗೋಲು. ಅದಕ್ಕಾಗಿ ನಾನು ಆರಿಸಿಕೊಂಡ ಹೆಸರು ರೈಫಲ್‌ಮನ್ ಗಬ್ಬರ್ ಸಿಂಗ್ ನೇಗಿ.

ಗಬ್ಬರ್ ಸಿಂಗ್ ಹುಟ್ಟಿದ್ದು 1895ರ ಏಪ್ರಿಲ್ 21ರಂದು, ಟೆಹ್ರಿ ಗಢವಾಲದ ಚಂಬಾ ಪಟ್ಟಣದ ಸಮೀಪದ ಮಂಜೌರ್ ಎಂಬ ಹಳ್ಳಿಯಲ್ಲಿ. 1913ರಲ್ಲಿ ಅವನು 39ನೇ ಗಢವಾಲ್ ರೈಫಲ್ಸ್ ಸೇರಿದ. ಮರುವರ್ಷವೇ ಯುದ್ಧ ಆರಂಭವಾಗಿ, ಭಾರತೀಯ ಸೇನೆಯ ಲಾಹೋರ್ ಮತ್ತು ಮೀರಠ್ ಡಿವಿಜನ್‌ಗಳು ಮಾರ್ಸೇ ಬಂದರಿನಲ್ಲಿ ಇಳಿದು ಉತ್ತರ ಫ್ರಾನ್ಸಿನ ಕೆಸರಿನ ಕಂದಕಗಳಿಗೆ ನಡೆದವು. 1915ರ ಮಾರ್ಚ್ 10ರ ಬೆಳಿಗ್ಗೆ ನವ್ ಶಾಪೆಲ್ ಗ್ರಾಮದ ಮುಂದೆ 35 ನಿಮಿಷ ಫಿರಂಗಿಗಳು ಎಡೆಬಿಡದೆ ಮೊರೆದ ಮೇಲೆ ಕಾಲಾಳುಗಳು ಮುನ್ನುಗ್ಗಿದರು. ದಾಳಿಗಿಳಿದ ಪಡೆಯ ಸುಮಾರು ಅರ್ಧದಷ್ಟು ಜನ ಭಾರತೀಯರು. ಬಾಂಬ್ ಎಸೆಯುವವರ ಜೊತೆಗಿದ್ದ ಬಯೊನೆಟ್ ತಂಡದಲ್ಲಿ ಗಬ್ಬರ್ ಸಿಂಗ್ ಜರ್ಮನರ ಮುಖ್ಯ ಕಂದಕವನ್ನು ಹೊಕ್ಕ. ಕಂದಕವೆಂದರೆ ನೇರ ಕಾಲುವೆಯಲ್ಲ. ಒಂದೇ ಸಿಡಿತ ಉದ್ದಕ್ಕೂ ಹರಡದಿರಲೆಂದು ಅದನ್ನು ಹೆಜ್ಜೆಹೆಜ್ಜೆಗೂ ಮುರಿದು ತಿರುಗಿಸಿರುತ್ತಾರೆ, ಮತ್ತು ಪ್ರತಿಯೊಂದು ತಿರುವಿನ ಆಚೆ ಏನು ಕಾದಿದೆ ಎಂಬುದು ಮೊದಲು ಹೆಜ್ಜೆ ಇಟ್ಟವನಿಗೇ ಗೊತ್ತಾಗುವುದು. ಪ್ರತಿಯೊಂದು ತಿರುವನ್ನೂ ಮೊದಲು ದಾಟಿದವನು ಅವನೇ ಎಂದು ಪ್ರಶಸ್ತಿಪತ್ರ ದಾಖಲಿಸುತ್ತದೆ. ಎದುರಾಳಿಗಳು ಹಿಂದೆ ಸರಿಯುತ್ತಾ ಕೊನೆಗೆ ಶರಣಾದರು. ಅದೇ ಕಾಳಗದಲ್ಲಿ ಅವನು ಸತ್ತ. ಇಪ್ಪತ್ತು ತುಂಬಲು ಇನ್ನೂ ಆರು ವಾರ ಬಾಕಿಯಿತ್ತು. ಮರಣೋತ್ತರವಾಗಿ ಬ್ರಿಟಿಷ್ ಸೇನೆಯ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಬಂತು. ಗುರುತಿಸಬಲ್ಲ ಸಮಾಧಿ ಇಲ್ಲ.

ಆಯೋಗದ ಜಾಲತಾಣದ ಹುಡುಕು ಸೌಲಭ್ಯ ಸಂಪೂರ್ಣ ಉಚಿತ. ಕುಲನಾಮ, ಸೇವಾ ಸಂಖ್ಯೆ, ರೆಜಿಮೆಂಟ್, ಸೇವೆ ಸಲ್ಲಿಸಿದ ಪಡೆ, ಮರಣದ ದಿನಾಂಕದ ವ್ಯಾಪ್ತಿ, ಸ್ಮಾರಕದ ಹೆಸರು, ಹೀಗೆ ನಮಗೆ ಗೊತ್ತಿರುವುದನ್ನಷ್ಟೇ ಕೊಟ್ಟು ಹುಡುಕಬಹುದು. ಸಿಕ್ಕ ಪುಟದಲ್ಲಿ ಸೈನಿಕನ ದರ್ಜೆ, ರೆಜಿಮೆಂಟ್, ಸತ್ತ ದಿನ, ಸಮಾಧಿಯ ಸಾಲು ಅಥವಾ ಸ್ಮಾರಕದ ಫಲಕದ ಸಂಖ್ಯೆ ಇರುತ್ತವೆ. ಅದೃಷ್ಟವಿದ್ದರೆ ತಂದೆಯ ಅಥವಾ ಹೆಂಡತಿಯ ಹೆಸರು, ಹಳ್ಳಿ, ತಾಲೂಕು ಸಹ ಇರುತ್ತವೆ. ಅನೇಕ ಪುಟಗಳಲ್ಲಿ ಅಂದಿನ ರಿಜಿಸ್ಟರಿನ ಮೂಲ ಹಾಳೆಗಳ ಚಿತ್ರಗಳೂ ದೊರೆಯುತ್ತವೆ. ಬೆರಳಚ್ಚು ಯಂತ್ರದ ಅಕ್ಷರಗಳ ನಡುವೆ ಯಾರೋ ಗುಮಾಸ್ತ ಕೈಬರಹದಲ್ಲಿ ಮಾಡಿದ ತಿದ್ದುಪಡಿಯನ್ನು ನೋಡುವಾಗ, ಈ ಒಬ್ಬನಿಗಾಗಿ ಒಂದು ಕ್ಷಣ ಯಾರೋ ಲೇಖನಿ ಎತ್ತಿಕೊಂಡಿದ್ದರು ಎಂಬುದು ಮನಸ್ಸಿಗೆ ನಾಟುತ್ತದೆ. ಹೆಸರು, ದರ್ಜೆ ಮತ್ತು ಸ್ಮಾರಕದ ವಿವರವಿರುವ ಪ್ರಮಾಣಪತ್ರವೊಂದನ್ನು ಇಳಿಸಿಕೊಂಡು ಮುದ್ರಿಸಿಕೊಳ್ಳಲೂ ಅವಕಾಶವಿದೆ. ಅಜ್ಜನ ತಂದೆಯ ಒಂದು ಫೋಟೊ ಕೂಡ ಉಳಿಯದ ಮನೆಗಳಲ್ಲಿ ಆ ಹಾಳೆಗೆ ಇರುವ ಬೆಲೆಯನ್ನು ನಾನು ಬಲ್ಲೆ.

ತೊಡಕು ಇರುವುದು ಹೆಸರುಗಳಲ್ಲಿ. ಕಿವಿಗೆ ಬಿದ್ದ ಭಾರತೀಯ ಹೆಸರನ್ನು ಇಂಗ್ಲಿಷಿನಲ್ಲಿ ತಮಗೆ ತೋಚಿದಂತೆ ಬರೆದುಕೊಂಡವರು ಯುದ್ಧಕಾಲದ ಗುಮಾಸ್ತರು. ಗಬ್ಬರ್ ಸಿಂಗನಂಥ ಪ್ರಸಿದ್ಧ ಸೈನಿಕನ ಹೆಸರೇ ಒಂದು ಕಡೆ ಗಬರ್, ಇನ್ನೊಂದು ಕಡೆ ಗೋಬರ್ ಎಂದಾಗಿದೆ. ಸಿಂಗ್ ಎಂಬುದರ ಕೊನೆಯ ಅಕ್ಷರ ಕೆಲವೆಡೆ ಇದೆ, ಕೆಲವೆಡೆ ಇಲ್ಲ. ಕುಲನಾಮವೇ ಇಲ್ಲದ ನಮ್ಮ ದಕ್ಷಿಣದ ಹೆಸರುಗಳ ಪಾಡು ಇನ್ನೂ ಕಷ್ಟ. ಒಂಟಿ ಹೆಸರಿನ ಸೈನಿಕನನ್ನು ಕುಲನಾಮದ ಜಾಗದಲ್ಲಿಯೇ ಹುಡುಕಬೇಕಾಗುತ್ತದೆ, ಮತ್ತು ಒಂದೇ ಹೆಸರಿಗೆ ಮೂರು ನಾಲ್ಕು ಕಾಗುಣಿತಗಳನ್ನು ಪ್ರಯತ್ನಿಸುವ ತಾಳ್ಮೆ ಬೇಕು. ದೋಷದ ಮೂಲ ಹಳೆಯ ಕಡತಗಳಲ್ಲಿದೆ ಎಂಬುದು ನಿಜ. ಆದರೆ ಕುಟುಂಬದ ಮುಂದಿನ ತಲೆಮಾರಿಗೆ ಬಾಗಿಲು ತೆರೆಯಬೇಕಾದ ಕೀಲಿ ಆ ಕಾಗುಣಿತವೇ ಆಗಿರುವುದರಿಂದ, ಭಾರತೀಯ ಹೆಸರುಗಳ ಉಚ್ಚಾರಣೆ ಬಲ್ಲವರನ್ನು ಕೂರಿಸಿಕೊಂಡು ಪರ್ಯಾಯ ರೂಪಗಳನ್ನು ದಾಖಲೆಗಳಿಗೆ ಸೇರಿಸುವ ಕೆಲಸ ಆಗಲೇಬೇಕು.

ಇನ್ನು ಕಲ್ಲಿನ ವಿಷಯ. ನವ್ ಶಾಪೆಲ್ ಸ್ಮಾರಕ ಫ್ರಾನ್ಸಿನ ಲೀಲ್ ನಗರದಿಂದ ಸುಮಾರು 20 ಕಿಲೋಮೀಟರ್ ನೈರುತ್ಯಕ್ಕೆ, ಲಾ ಬಾಸೆಯಿಂದ ಎಸ್ತೇರ್‌ಗೆ ಹೋಗುವ ರಸ್ತೆಯ ಪಕ್ಕದಲ್ಲಿದೆ. ಸುತ್ತ ಕಣ್ಣು ಹಾಯುವಷ್ಟು ದೂರ ಚಪ್ಪಟೆಯಾದ ಹೊಲಗಳು. ಒಂದು ದಿಬ್ಬವಿಲ್ಲ, ಬೆಟ್ಟದ ಸುಳಿವಂತೂ ಇಲ್ಲವೇ ಇಲ್ಲ. ಹಿಮಾಲಯದ ಇಳಿಜಾರಿನಲ್ಲಿ ಬೆಳೆದ ಹುಡುಗನಿಗೆ ಈ ನೆಲ ಹೇಗೆ ಕಂಡಿರಬಹುದು ಎಂಬ ಯೋಚನೆ ಅಲ್ಲಿ ಕಾರಿನಿಂದ ಇಳಿದ ತಕ್ಷಣವೇ ಬಂತು. ಹರ್ಬರ್ಟ್ ಬೇಕರ್ ವಿನ್ಯಾಸಗೊಳಿಸಿದ ಈ ಸ್ಮಾರಕ ವೃತ್ತಾಕಾರದ ಒಂದು ಆವರಣ. ರಸ್ತೆಯ ಕಡೆಯ ಅರ್ಧಭಾಗ ಕಲ್ಲಿನ ಜಾಲಂದರ. ಹಿಂಭಾಗದ ಅರ್ಧ ಗಟ್ಟಿ ಗೋಡೆ, ಅದರ ತುಂಬ ಹೆಸರುಗಳು. ಮುಂಭಾಗದಲ್ಲಿ ಸುಮಾರು 15 ಮೀಟರ್ ಎತ್ತರದ ಕಂಬ, ಅದರ ತುದಿಯಲ್ಲಿ ಕಮಲ, ಕಿರೀಟ ಮತ್ತು ನಕ್ಷತ್ರ, ಬುಡದ ಎರಡೂ ಪಕ್ಕದಲ್ಲಿ ಕಲ್ಲಿನ ಹುಲಿಗಳು. ದೇವನೊಬ್ಬನೇ, ಜಯವೂ ಅವನದೇ ಎಂಬ ಅರ್ಥದ ಸಾಲನ್ನು ಇಂಗ್ಲಿಷ್ ಜೊತೆಗೆ ಅರಬ್ಬಿ, ದೇವನಾಗರಿ ಮತ್ತು ಗುರುಮುಖಿ ಲಿಪಿಗಳಲ್ಲಿ ಕೆತ್ತಿದ್ದಾರೆ.

ಕಿರೀಟವನ್ನು ನೋಡಿ ಸಾಮ್ರಾಜ್ಯದ ನೆನಪಾಗುವುದು ಸಹಜ, ನನಗೂ ಆಯಿತು. ಆದರೆ ಒಳಗೆ ಹೋಗಿ ಗೋಡೆಯ ಎದುರು ನಿಂತಾಗ ದೃಷ್ಟಿಯನ್ನು ಪೂರ್ತಿಯಾಗಿ ಹಿಡಿದುಕೊಳ್ಳುವುದು ಹೆಸರುಗಳೇ. ಸಮಾಧಿ ತಿಳಿಯದ 4,700ಕ್ಕೂ ಹೆಚ್ಚು ಭಾರತೀಯ ಸೈನಿಕರು ಮತ್ತು ಕೂಲಿ ಪಡೆಯವರು ಇಲ್ಲಿದ್ದಾರೆ. ರೆಜಿಮೆಂಟ್‌ವಾರು ವಿಂಗಡಿಸಿ, ಅದರೊಳಗೆ ದರ್ಜೆವಾರು, ದರ್ಜೆಯೊಳಗೆ ಅಕ್ಷರಾನುಕ್ರಮವಾಗಿ ಬರೆದಿರುವುದರಿಂದ, ಜಾಲತಾಣದಲ್ಲಿ ಕಂಡ ಫಲಕದ ಸಂಖ್ಯೆಯನ್ನು ಗುರುತು ಮಾಡಿಕೊಂಡು ಹೋದವರಿಗೆ ಹುಡುಕಾಟ ಕಷ್ಟವಾಗದು. ಗಢವಾಲ್ ರೈಫಲ್ಸ್ ಫಲಕಗಳಲ್ಲಿ ನೇಗಿ, ರಾವತ್, ಬಿಷ್ಟ್, ಗುಸಾಯಿಂ ಎಂಬ ಅವವೇ ಮನೆತನದ ಹೆಸರುಗಳು ಮತ್ತೆ ಮತ್ತೆ ಬರುವುದನ್ನು ನೋಡಿದರೆ, ಕೆಲವೇ ಕಣಿವೆಗಳ ಹರೆಯದ ಗಂಡುಮಕ್ಕಳೆಲ್ಲ ಒಟ್ಟಿಗೆ ಇಲ್ಲಿಗೆ ಬಂದಿದ್ದರೇ ಅನಿಸುತ್ತದೆ. ಅಕ್ಷರಗಳ ಅಂಚು ಇನ್ನೂ ಹರಿತವಾಗಿದೆ. ಬೆರಳಿಟ್ಟರೆ ಪ್ರತಿಯೊಂದು ಗೆರೆಯೂ ತಿಳಿಯುತ್ತದೆ. ಪಾಚಿ ಹಿಡಿದಿಲ್ಲ, ಹುಲ್ಲನ್ನು ಒಪ್ಪವಾಗಿ ಕತ್ತರಿಸಿದ್ದಾರೆ, ಗೋಡೆಯ ಬುಡದಲ್ಲಿ ಹೂಗಿಡಗಳಿವೆ. ಇಷ್ಟು ವರ್ಷಗಳ ಮಳೆ ಮತ್ತು ಹಿಮಗಳ ನಂತರವೂ ಒಂದು ಹೆಸರು ಓದಲು ಬರುವಂತೆ ಇರಬೇಕಾದರೆ ಅದರ ಹಿಂದೆ ಎಷ್ಟು ಜನ ತೋಟಗಾರರ, ಕಲ್ಲುಕುಟಿಗರ ದುಡಿಮೆ ಇರಬೇಕು! ನಿರ್ವಹಣೆಯ ವಿಷಯದಲ್ಲಿ ಈ ಸ್ಥಳದ ಬಗ್ಗೆ ನನ್ನಲ್ಲಿ ಪ್ರಶಂಸೆಯ ಹೊರತು ಬೇರೆ ಮಾತಿಲ್ಲ.

1964ರಲ್ಲಿ ಇಲ್ಲಿ ಸೇರಿಸಿದ ಕಂಚಿನ ಫಲಕವನ್ನು ಅವಸರದಲ್ಲಿ ಬಿಟ್ಟು ಬರಬೇಡಿ. ಜರ್ಮನಿಯ ತ್ಸೆರೆನ್ಸ್‌ಡಾರ್ಫ್ ಎಂಬಲ್ಲಿ, ಯುದ್ಧಕೈದಿಗಳ ಶಿಬಿರದಲ್ಲಿ ಸತ್ತ 210 ಮಂದಿ ಅವಿಭಜಿತ ಭಾರತದವರ ಹೆಸರುಗಳು ಅದರಲ್ಲಿವೆ. ಆ ಸಮಾಧಿಗಳು ಪೂರ್ವ ಜರ್ಮನಿಯ ಪಾಲಾಗಿ ಆರೈಕೆ ಅಸಾಧ್ಯವಾದಾಗ ಹೆಸರುಗಳನ್ನಾದರೂ ಇಲ್ಲಿ ಉಳಿಸಿಕೊಂಡರು.

ಸ್ಮಾರಕವನ್ನು 1927ರ ಅಕ್ಟೋಬರ್ 7ರಂದು ಉದ್ಘಾಟಿಸಿದಾಗ ಫ್ರಾನ್ಸಿನ ಮಾರ್ಷಲ್ ಫೋಷ್, ಅಲ್ಲಿ ನೆರೆದಿದ್ದ ಭಾರತೀಯ ಸೈನಿಕರನ್ನು ಉದ್ದೇಶಿಸಿ, ಬಿಸಿಲು ತುಂಬಿದ ನಿಮ್ಮ ಪೂರ್ವದೇಶಕ್ಕೆ ಮರಳಿ, ಈ ಚಳಿನಾಡನ್ನು ನಿಮ್ಮವರು ತಮ್ಮ ರಕ್ತದಿಂದ ಹೇಗೆ ತೋಯಿಸಿದರೆಂದು ಸಾರಿ ಎಂದಿದ್ದರು. ಚಂಬಾದಲ್ಲಿ ಆ ಸಾರುವಿಕೆ ನಿಂತಿಲ್ಲ. ಅಲ್ಲಿ ಗಬ್ಬರ್ ಸಿಂಗನ ಸ್ಮಾರಕವಿದೆ, ಪ್ರತಿ ಏಪ್ರಿಲಿನಲ್ಲಿ ಅವನ ಹೆಸರಿನ ಜಾತ್ರೆ ನಡೆಯುತ್ತದೆ. ಆದರೆ ಅದೇ ದಿನ, ಅದೇ ಕಂದಕಗಳಲ್ಲಿ ಬಿದ್ದು, ಪದಕವಿಲ್ಲದೆ ಹೋದವರ ಹಳ್ಳಿಗಳಿಗೆ ಆ ಸುದ್ದಿಯನ್ನು ಮುಟ್ಟಿಸುವವರು ಯಾರು? ನವ್ ಶಾಪೆಲ್‌ನ ಗೋಡೆಯವರೆಗೆ ಹೋಗುವ ಶಕ್ತಿ ನಮ್ಮಲ್ಲಿ ಎಷ್ಟು ಜನರಿಗಿದೆ? ಜಾಲತಾಣವನ್ನು ನಾನು ಇಷ್ಟು ಗಂಭೀರವಾಗಿ ಪರಿಗಣಿಸುವುದು ಇದೇ ಕಾರಣಕ್ಕೆ.

ಸ್ಥಳಕ್ಕೆ ಹೋಗುವವರಿಗೆ ಎರಡು ಮಾತು: ಟಿಕೆಟ್ ಇಲ್ಲ, ಕಾವಲುಗಾರನೂ ಇಲ್ಲ. ಬಿಸಿಲಿಗಾಗಲಿ ಮಳೆಗಾಗಲಿ ನೆರಳಿನ ವ್ಯವಸ್ಥೆಯನ್ನು ನಿರೀಕ್ಷಿಸಬೇಡಿ. ನೀರು, ತಿಂಡಿಗಳನ್ನು ಲೀಲ್‌ನಲ್ಲಿಯೇ ತೆಗೆದುಕೊಂಡು ಹೊರಡುವುದು ಒಳ್ಳೆಯದು.

ಫ್ರಾನ್ಸಿನಲ್ಲಿ ಕಂಡ ಈ ಕಾಳಜಿಯನ್ನು ಹಿಡಿದುಕೊಂಡು ಇರಾಕಿನತ್ತ ತಿರುಗಿದರೆ ಮನಸ್ಸು ಕಹಿಯಾಗುತ್ತದೆ. 1915ರ ಕೊನೆಯ ಹೊತ್ತಿಗೆ ಭಾರತೀಯ ಕಾಲಾಳು ಪಡೆಯನ್ನು ಫ್ರಾನ್ಸಿನಿಂದ ಮೆಸೊಪೊಟೇಮಿಯಾಕ್ಕೆ ಕಳಿಸಲಾಯಿತು, ಮತ್ತು ಭಾರತೀಯರು ಅತಿ ಹೆಚ್ಚು ಸಂಖ್ಯೆಯಲ್ಲಿ ಸತ್ತದ್ದು ಅಲ್ಲಿಯೇ. ಸಮಾಧಿ ತಿಳಿಯದ 40,500ಕ್ಕೂ ಹೆಚ್ಚು ಮಂದಿಗಾಗಿ ಕಟ್ಟಿದ ಬಾಸ್ರಾ ಸ್ಮಾರಕದಲ್ಲಿ ಬ್ರಿಟಿಷರ ಹೆಸರುಗಳನ್ನು ಒಂದೊಂದಾಗಿ ಕೆತ್ತಿದರು. ಸಾಮಾನ್ಯ ಭಾರತೀಯ ಸಿಪಾಯಿಗಳಿಗೆ ರೆಜಿಮೆಂಟಿನ ಹೆಸರಿನ ಕೆಳಗೆ ಒಂದು ಸಂಖ್ಯೆ ಮಾತ್ರ. ಇಷ್ಟು ಜನ ಸತ್ತರು, ಅಷ್ಟೇ. ಹೆಸರುಗಳನ್ನು ಪುಸ್ತಕದಲ್ಲಿ ಬರೆದಿಟ್ಟರು. ದರ್ಜೆ, ಜನಾಂಗ, ಧರ್ಮಗಳ ಭೇದವಿಲ್ಲದೆ ಎಲ್ಲರನ್ನೂ ಸಮಾನವಾಗಿ ನೆನೆಯುತ್ತೇವೆ ಎಂಬುದು ಆಯೋಗ ತಾನೇ ಹಾಕಿಕೊಂಡ ಮೊದಲ ನಿಯಮ. ಆ ನಿಯಮ ಯುರೋಪಿನ ಗಡಿ ದಾಟುತ್ತಲೇ ಸಡಿಲವಾಯಿತು ಎಂಬುದನ್ನು ಆಯೋಗವೇ ನೇಮಿಸಿದ ಸಮಿತಿ 2021ರ ಏಪ್ರಿಲಿನಲ್ಲಿ ಒಪ್ಪಿಕೊಂಡಿತು. ಭಾರತ, ಪೂರ್ವ ಮತ್ತು ಪಶ್ಚಿಮ ಆಫ್ರಿಕಾ, ಈಜಿಪ್ಟ್ ಹಾಗೂ ಸೊಮಾಲಿಯಾಗಳ 45,000ದಿಂದ 54,000 ಮಂದಿಯನ್ನು ಅಸಮಾನವಾಗಿ ಸ್ಮರಿಸಲಾಗಿದೆ ಎಂದೂ, ಕನಿಷ್ಠ 1,16,000 ಮಂದಿಯನ್ನು ಹೆಸರು ಹಿಡಿದು ಸ್ಮರಿಸಿಲ್ಲ ಅಥವಾ ಸ್ಮರಿಸಿಯೇ ಇಲ್ಲ ಎಂದೂ ಆ ವರದಿ ಹೇಳಿತು. ಬ್ರಿಟನ್ನಿನ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ನಮ್ಮ ನೆಲದಲ್ಲಿ ನಿಂತು ನೋಡಿದರೆ ಈ ಲೋಪದ ತೂಕ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಕರ್ನಾಟಕದ ಊರೂರಿನಲ್ಲಿ ವೀರಗಲ್ಲುಗಳಿವೆ. ತುರುಗಳನ್ನು ಬಿಡಿಸಲು ಹೋಗಿ ಸತ್ತವನಿಗೂ, ಊರಿನ ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವನಿಗೂ ಕಲ್ಲು ನಿಲ್ಲಿಸಿ, ಕೆಳಗೆ ಕಾಳಗ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಸನ್ನಿಧಿ ಎಂದು ಕೆತ್ತಿಸಿದ ನಾಡು ಇದು. ಬೆಂಗಳೂರು ಎಂಬ ಊರಿನ ಹೆಸರನ್ನು ದಾಖಲಿಸಿರುವ ಬೇಗೂರಿನ ಸುಮಾರು ಒಂಬತ್ತನೆಯ ಶತಮಾನದ ಶಾಸನವೂ ಕಾಳಗವೊಂದರಲ್ಲಿ ಸತ್ತವನ ಸ್ಮರಣೆಯ ಕಲ್ಲೇ. ಸಾವಿರ ವರ್ಷಗಳ ಹಿಂದೆ ಒಂದು ಹಳ್ಳಿ ತನ್ನ ಆಳಿಗೆ ಕೊಟ್ಟದ್ದನ್ನು ಇಪ್ಪತ್ತನೆಯ ಶತಮಾನದ ಒಂದು ಸಾಮ್ರಾಜ್ಯ ತನ್ನ ಸಿಪಾಯಿಗೆ ಕೊಡಲಿಲ್ಲ. ಜಾಗ ಸಾಲದು, ಹಣ ಸಾಲದು, ಅವರ ಪದ್ಧತಿ ಬೇರೆ ಎಂಬ ಯಾವ ಸಮರ್ಥನೆಯೂ ನನಗೆ ಒಪ್ಪಿಗೆಯಾಗುವುದಿಲ್ಲ.

ಬಾಸ್ರಾ ಸ್ಮಾರಕ ಮೂಲತಃ ಷತ್ ಅಲ್ ಅರಬ್ ನದಿಯ ದಡದಲ್ಲಿತ್ತು. 1997ರಲ್ಲಿ ಇರಾಕಿನ ಅಧ್ಯಕ್ಷರ ಆದೇಶದಂತೆ ಅದನ್ನು ಬಿಚ್ಚಿ, ನಾಸಿರಿಯಾ ರಸ್ತೆಯಲ್ಲಿ 32 ಕಿಲೋಮೀಟರ್ ದೂರದ ಮರುಭೂಮಿಗೆ ಸಾಗಿಸಿ ಮತ್ತೆ ನಿಲ್ಲಿಸಿದರು. ಅಲ್ಲಿಗೆ ಇಲ್ಲಿನ ಕುಟುಂಬವೊಂದು ಹೋಗಿ ಬರುವುದು ಸುಲಭದ ಮಾತಲ್ಲ. ಇಲ್ಲಿಯೇ ಜಾಲತಾಣ ತನ್ನ ಅತ್ಯುತ್ತಮ ಕೆಲಸ ಮಾಡಿದೆ ಎಂದು ನನ್ನ ಭಾವನೆ. ಕಲ್ಲಿನ ಮೇಲೆ ಬರೀ ಅಂಕಿಯಾಗಿ ಉಳಿದ ಸಿಪಾಯಿಗೂ ಜಾಲತಾಣದಲ್ಲಿ ಅಧಿಕಾರಿಗಿರುವಂತೆಯೇ ಒಂದು ಪುಟ ಇದೆ. ಅದೇ ಅಳತೆ, ಅದೇ ವಿನ್ಯಾಸ, ಅದೇ ಪ್ರಮಾಣಪತ್ರ. 2021ರ ನಂತರ ಬಿಟ್ಟುಹೋದ ಹೆಸರುಗಳನ್ನು ಹುಡುಕಿ ಸೇರಿಸುವ ಕೆಲಸವನ್ನೂ ಆಯೋಗ ಕೈಗೊಂಡಿದೆ. ಆದರೂ ಬೆಳಕಿನ ಪರದೆಯ ಮೇಲಿನ ಹೆಸರು ಕಲ್ಲಿನ ಮೇಲಿನ ಹೆಸರಿಗೆ ಸಮನಲ್ಲ. ಬಾಸ್ರಾದ ಸೈನಿಕರ ಹೆಸರುಗಳನ್ನು ಭಾರತದ ನೆಲದಲ್ಲಾದರೂ ಕೆತ್ತಿಸಬೇಕು. ಅದಕ್ಕೆ ಭಾರತ ಸರ್ಕಾರವೂ ಕೈಜೋಡಿಸಬೇಕು.

ಕನ್ನಡನಾಡಿನ ಸೈನಿಕರನ್ನು ಹುಡುಕುವವರಿಗೆ ಈ ಸೇವೆ ಎಷ್ಟು ಉಪಯುಕ್ತ? ಮೈಸೂರು ಸಂಸ್ಥಾನದ ಮೈಸೂರು ಲ್ಯಾನ್ಸರ್ಸ್ ಪಡೆ ಈಜಿಪ್ಟಿನಲ್ಲಿ ಸೂಯೆಜ್ ಕಾಲುವೆಯನ್ನು ಕಾದು, ಪ್ಯಾಲೆಸ್ಟೈನಿನಲ್ಲಿ ಮುನ್ನಡೆದು, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಂದಿಗೆ ಹೈಫಾ ನಗರವನ್ನು ವಶಪಡಿಸಿಕೊಂಡ ಕಥೆ ಈಗ ಸಾಕಷ್ಟು ಪ್ರಸಿದ್ಧ. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು, ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ಪಡೆಯ ಸ್ಮಾರಕ ಸ್ತಂಭವಿದೆ. ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್‌ನಲ್ಲಿ ಮಡಿದು ಸಮಾಧಿ ಸಿಗದ ಸುಮಾರು 4,000 ಭಾರತೀಯ ಸೈನಿಕರಿಗಾಗಿ ಸೂಯೆಜ್ ಬಳಿಯ ಪೋರ್ಟ್ ತೌಫಿಕ್‌ನಲ್ಲಿ 1926ರಲ್ಲಿ ಸ್ಮಾರಕ ಕಟ್ಟಿದ್ದರು. ಅರಬ್ ಮತ್ತು ಇಸ್ರೇಲ್ ಯುದ್ಧಗಳಲ್ಲಿ ಅದು ಜಖಂಗೊಂಡು ಕೆಡವಬೇಕಾಗಿ ಬಂದು, 1980ರಲ್ಲಿ ಕೈರೋದ ಹೆಲಿಯೊಪೊಲಿಸ್ ಯುದ್ಧಸಮಾಧಿಯ ಆವರಣದಲ್ಲಿ ಹೊಸದು ನಿಂತಿತು. ಯುದ್ಧವೊಂದರಲ್ಲಿ ಸತ್ತವರ ಕಲ್ಲು ಇನ್ನೊಂದು ಯುದ್ಧದಲ್ಲಿ ಒಡೆದುಹೋಯಿತೆಂಬುದನ್ನು ಓದಿದಾಗ ಬಹಳ ಹೊತ್ತು ಬೇರೇನೂ ಓದಲಾಗಲಿಲ್ಲ.

ಹಾಗಾಗಿ ಮೈಸೂರು ಪಡೆಯವರನ್ನು ಹುಡುಕುವಾಗ ಹೈಫಾ ಒಂದನ್ನೇ ನೆಚ್ಚಿಕೊಳ್ಳದೆ ಹೆಲಿಯೊಪೊಲಿಸ್ ಸ್ಮಾರಕವನ್ನೂ ನೋಡಬೇಕು. ಬೆಂಗಳೂರು ಕೇಂದ್ರವಾಗಿದ್ದ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರ್ ಪಡೆಯವರಿಗಾಗಿ ಬಾಸ್ರಾ ಸ್ಮಾರಕದ ದಾಖಲೆಗಳಿಂದ ಆರಂಭಿಸುವುದು ಒಳ್ಳೆಯದು. ಬ್ರಿಗೇಡ್ ರಸ್ತೆಯಲ್ಲಿ ದಿನವೂ ಸಾವಿರಾರು ಜನ ದಾಟಿಹೋಗುವ ಪಯನಿಯರ್ಸ್ ಸ್ತಂಭದ 61ನೇ ಪಯನಿಯರ್ಸ್‌ನವರ ಕುರಿತು ಕೇಳುವವರು ಪೂರ್ವ ಆಫ್ರಿಕಾದ ಸ್ಮಾರಕಗಳನ್ನೂ ನೋಡಲಿ. ಹುಡುಕುವಾಗ ರೆಜಿಮೆಂಟಿನ ಅಂದಿನ ಹೆಸರನ್ನೇ ಬಳಸಬೇಕು; ಇಂದಿನ ಹೆಸರು ಹಾಕಿದರೆ ಫಲಿತಾಂಶ ಬಾರದು. ಕುಟುಂಬದ ಬಳಿ ಪದಕವಿದ್ದರೆ ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ: ಸೇವಾ ಸಂಖ್ಯೆ, ದರ್ಜೆ, ಹೆಸರು, ಪಡೆಗಳನ್ನು ಸಾಮಾನ್ಯವಾಗಿ ಅಲ್ಲಿಯೇ ಸಣ್ಣ ಅಕ್ಷರಗಳಲ್ಲಿ ಒತ್ತಿರುತ್ತಾರೆ. ಹೆಸರಿಗಿಂತ ಆ ಸಂಖ್ಯೆಯೇ ಹೆಚ್ಚು ನಂಬಿಕೆಗೆ ಅರ್ಹ. ಆದರೆ ಒಂದೇ ಸಂಖ್ಯೆ ಬೇರೆ ಬೇರೆ ರೆಜಿಮೆಂಟುಗಳಲ್ಲಿ ಬೇರೆ ಬೇರೆಯವರಿಗೆ ಇರಬಹುದಾದ್ದರಿಂದ ಎರಡನ್ನೂ ಜೋಡಿಸಿ ಹುಡುಕಿ.

ಪಂಜಾಬಿನ ಸುಮಾರು 3,20,000 ಸೈನಿಕರ ಊರುವಾರು ರಿಜಿಸ್ಟರುಗಳು ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ದಶಕಗಳ ಕಾಲ ಮಲಗಿದ್ದು, 2021ರಲ್ಲಿ ಡಿಜಿಟಲ್ ರೂಪದಲ್ಲಿ ಹೊರಬರತೊಡಗಿದವು. ಹಳ್ಳಿಯ ಹೆಸರು ಹಾಕಿ ಹುಡುಕುವ ಅವಕಾಶ ಆ ಸೈನಿಕರ ಕುಟುಂಬಗಳಿಗೆ ಸಿಕ್ಕಿತು. ಹಳೆಯ ಮೈಸೂರಿನ ಸವಾರರಿಗಾಗಿ, ಧಾರವಾಡ ಮತ್ತು ಬೆಳಗಾವಿ ಕಡೆಯಿಂದ ಮರಾಠಾ ಪಲ್ಟಣಿಗಳಿಗೆ ಸೇರಿದವರಿಗಾಗಿ, ಕೊಡಗಿನವರಿಗಾಗಿ ಅಂಥದ್ದೊಂದು ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಎತ್ತಿಕೊಂಡರೆ, ಆಯೋಗದ ಪುಟಗಳಲ್ಲಿ ಊರಿಲ್ಲದೆ ಉಳಿದಿರುವ ಎಷ್ಟೋ ಹೆಸರುಗಳಿಗೆ ಊರು ಸಿಗುತ್ತದೆ.

ತಪ್ಪು ಕಾಗುಣಿತ, ಬಿಟ್ಟುಹೋದ ತಂದೆಯ ಹೆಸರು, ತಪ್ಪಾದ ಹಳ್ಳಿ ಇವುಗಳ ಬಗ್ಗೆ ದಾಖಲೆ ಸಮೇತ ಆಯೋಗಕ್ಕೆ ಜಾಲತಾಣದ ಮೂಲಕವೇ ಬರೆಯಬಹುದು. ಸೈನಿಕನ ಬದುಕಿನ ಕಥೆಯನ್ನು, ಇದ್ದರೆ ಫೋಟೊವನ್ನೂ ಸೇರಿಸಲು ಪ್ರತ್ಯೇಕ ವಿಭಾಗವಿದೆ. ಹಳೆಯ ಪಿಂಚಣಿ ಕಾಗದ, ಪದಕ, ಮನೆಗೆ ಬಂದ ಪತ್ರ ಇವುಗಳ ಸ್ಪಷ್ಟ ಚಿತ್ರಗಳನ್ನು ಮೊದಲೇ ತೆಗೆದಿಟ್ಟುಕೊಂಡು, ಮನೆಯ ಹಿರಿಯರು ಹೆಸರನ್ನು ಹೇಗೆ ಉಚ್ಚರಿಸುತ್ತಾರೋ ಹಾಗೆಯೇ ಬರೆದುಕೊಂಡು ಆರಂಭಿಸಿ.